ಸೂರ್ಯಾಸ್ತಕ್ಕೆ ಮುಂಚೆ ಅರ್ಧ ಗಂಟೆಯಲ್ಲಿ ಸಿಹಿ: ಜೈನ ಅಡುಗೆಮನೆಯಲ್ಲಿ ಏರ್ ಫ್ರೈಯರ್

ಶಾಲೆ ಬಿಡುವುದು ನಾಲ್ಕು ಗಂಟೆಗೆ. ಆಟೋ, ಬಸ್ಸು ಹಿಡಿದು ಮಕ್ಕಳು ಮನೆ ಸೇರುವಷ್ಟರಲ್ಲಿ ನಾಲ್ಕೂವರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ನವೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಸುಮಾರು 5.50ಕ್ಕೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮುಂಚೆಯೇ ಊಟ ಮುಗಿಸುವ ಮನೆಗಳಲ್ಲಿ ಐದು ಗಂಟೆಗೆಲ್ಲ ತಟ್ಟೆ ತೊಳೆದು ಇಟ್ಟಿರಬೇಕು. ನಡುವೆ ಸಿಕ್ಕುವುದು ಅರ್ಧ ಗಂಟೆ. ಜುಲೈ ಮೊದಲ ವಾರದಲ್ಲಿ ಸೂರ್ಯಾಸ್ತ ಸುಮಾರು 6.50ಕ್ಕೆ ಆಗುವುದರಿಂದ ಇನ್ನೊಂದು ಗಂಟೆ ಹೆಚ್ಚು ಸಿಗುತ್ತದೆ, ಅಷ್ಟೇ.

ಹಸಿದು ಬಂದ ಮಗು ಅನ್ನ ಸಾರು ಕೇಳುವುದಿಲ್ಲ. ಏನಾದರೂ ಸಿಹಿ ಕೊಡು ಎನ್ನುತ್ತದೆ. ಆ ಅರ್ಧ ಗಂಟೆಯಲ್ಲಿ ಬಾಣಲೆಗೆ ಎಣ್ಣೆ ಇಟ್ಟು, ಕಾಯಿಸಿ, ಕರ್ಜಿಕಾಯಿ ಕರಿದು ಕೊಡುವುದು ಸಂಜೆಯ ಊಟವನ್ನೂ ಅದೇ ಹೊತ್ತಿನಲ್ಲಿ ಮಾಡಬೇಕಾದ ತಾಯಿಗೆ ಆಗದ ಮಾತು. ಹಾಗಾಗಿ ಬೇಕರಿಯ ಪೊಟ್ಟಣ ಮನೆಗೆ ಬರುತ್ತದೆ. ಕೇಕಿನಲ್ಲಿ ಮೊಟ್ಟೆ ಇದೆಯೋ ಇಲ್ಲವೋ, ಬಿಸ್ಕತ್ತಿನ ಜಿಡ್ಡು ಯಾವುದೋ, ಮಾಡಿ ಎಷ್ಟು ದಿನವಾಯಿತೋ ಹೇಳುವವರಿಲ್ಲ. ಊರ ಹೆಮ್ಮೆಯ ಮದ್ದೂರು ವಡೆಯನ್ನು ಕೊಡೋಣವೆಂದರೆ ಅದರಲ್ಲಿ ಈರುಳ್ಳಿ ಇರುತ್ತದೆ. ಏನೂ ಬೇಡವೆಂದು ಬಿಟ್ಟರೆ ಮಗು ಅರೆಹೊಟ್ಟೆಯಲ್ಲಿ ಓದಲು ಕೂತು ರಾತ್ರಿ ಎಂಟಕ್ಕೆ ಮತ್ತೆ ಹಸಿವು ಎನ್ನುತ್ತದೆ. ಎಷ್ಟೋ ಮನೆಗಳಲ್ಲಿ ರಾತ್ರಿ ಭೋಜನ ತ್ಯಾಗದ ನಿಯಮ ಸಡಿಲವಾಗಿರುವುದು ಶ್ರದ್ಧೆ ಕಡಿಮೆಯಾಗಿ ಅಲ್ಲ, ಹೀಗೆ ಸಂಜೆಯ ಅರ್ಧ ಗಂಟೆ ಕೈ ತಪ್ಪಿ ಹೋಗಿದ್ದರಿಂದ.

ಈಚೆಗೆ ಮದುವೆ, ಗೃಹಪ್ರವೇಶಗಳ ಉಡುಗೊರೆಯಾಗಿ ಏರ್ ಫ್ರೈಯರ್ ಬಹಳ ಮನೆಗಳಿಗೆ ಬಂದಿದೆ. ಕೆಲವು ಕಡೆ ಹಪ್ಪಳ ಸುಡಲು ಮಾತ್ರ ಬಳಕೆ, ಕೆಲವು ಕಡೆ ಅಟ್ಟದ ಮೇಲೆ. ಇದನ್ನು ಸರಿಯಾಗಿ ಬಳಸಿದರೆ ಆ ಅರ್ಧ ಗಂಟೆಯೊಳಗೆ ಮನೆಯ ಹಿಟ್ಟು, ಮನೆಯ ತುಪ್ಪ, ಮಂಡ್ಯದ ಬೆಲ್ಲದಿಂದ ಹತ್ತು ಹನ್ನೆರಡು ಸಿಹಿ ತಿನಿಸು ಮಾಡಬಹುದು. ಹೇಗೆ, ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ವಿವರ ಇಲ್ಲಿದೆ.

ಯಂತ್ರ ಕೆಲಸ ಮಾಡುವ ಬಗೆ

ಹೆಸರಿನಲ್ಲಿ ಫ್ರೈಯರ್ ಎಂದಿದ್ದರೂ ಇದು ಕರಿಯುವ ಯಂತ್ರವಲ್ಲ, ಚಿಕ್ಕದೊಂದು ಒಲೆ. ಮೇಲ್ಭಾಗದಲ್ಲಿ ಕಾಯುವ ಸುರುಳಿ, ಅದರ ಮೇಲೆ ಫ್ಯಾನು. ಬಿಸಿಗಾಳಿ ರಭಸವಾಗಿ ಕೆಳಗಿಳಿದು, ತೂತುಗಳಿರುವ ಬುಟ್ಟಿಯ ಸುತ್ತ ತಿರುಗಿ, ತಿನಿಸಿನ ಮೇಲ್ಮೈಯ ತೇವವನ್ನು ಬೇಗ ಒಣಗಿಸಿ ಕೆಂಪಗೆ ಮಾಡುತ್ತದೆ. ಫಿಲಿಪ್ಸ್ ಕಂಪನಿ 2010ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಈಗ ಹತ್ತಾರು ಕಂಪನಿಗಳು ಮಾಡುತ್ತವೆ. ಸಾಮಾನ್ಯವಾಗಿ 80ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಶಾಖವನ್ನು ಇಡಬಹುದು.

ಬುಟ್ಟಿ ಚಿಕ್ಕದಾದ್ದರಿಂದ ಎರಡು ಮೂರು ನಿಮಿಷದಲ್ಲೇ ಕಾಯುತ್ತದೆ. ದೊಡ್ಡ ಓವನ್ ಕಾಯಲು ಹತ್ತು ಹದಿನೈದು ನಿಮಿಷ ಬೇಕು. 1500 ವ್ಯಾಟ್‌ನ ಯಂತ್ರ ಹದಿನೈದು ನಿಮಿಷ ನಡೆದರೆ ಅರ್ಧ ಯೂನಿಟ್‌ಗಿಂತ ಕಡಿಮೆ ವಿದ್ಯುತ್ ಖರ್ಚು. ಇದನ್ನು ಮಿಕ್ಸಿಯ ಸಣ್ಣ ಪ್ಲಗ್‌ಗೆ ಹಾಕಬಾರದು. ಗೀಸರ್‌ಗೆ ಬಳಸುವಂಥ 16 ಆಂಪಿಯರ್ ಸಾಕೆಟ್ ಬೇಕು. ಮಲ್ಟಿಪ್ಲಗ್, ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಎಣ್ಣೆಯ ಲೆಕ್ಕವನ್ನೂ ನೋಡಬಹುದು. ಹನ್ನೆರಡು ಕರ್ಜಿಕಾಯಿ ಕರಿಯಲು ಬಾಣಲೆಗೆ ಅರ್ಧ ಲೀಟರಿನಷ್ಟಾದರೂ ಎಣ್ಣೆ ಸುರಿಯಬೇಕು. ಕರಿದು ಮಿಕ್ಕ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಆರೋಗ್ಯಕ್ಕೂ ಒಳ್ಳೆಯದಲ್ಲ, ಆಚಾರಕ್ಕೂ ಒಪ್ಪುವುದಿಲ್ಲ. ಏರ್ ಫ್ರೈಯರ್‌ನಲ್ಲಿ ಅದೇ ಹನ್ನೆರಡಕ್ಕೆ ಹಿಟ್ಟಿಗೆ ಹಾಕಿದ ತುಪ್ಪ ಬಿಟ್ಟರೆ ಮೇಲೆ ಸವರಲು ಎರಡು ಚಮಚ ಸಾಕು. ಉಳಿಯುವ ಎಣ್ಣೆಯೇ ಇಲ್ಲ. ಆದರೆ ಒಂದು ಮಾತು ನೆನಪಿರಲಿ: ಎಣ್ಣೆ ಕಡಿಮೆಯಾದ ಮಾತ್ರಕ್ಕೆ ಸಿಹಿ ಕಡಿಮೆಯಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲವೂ ಸಕ್ಕರೆಯೇ.

ಪಾಕವಿಧಾನಕ್ಕೂ ಜರಡಿ ಬೇಕು

ಮೊಬೈಲಿನಲ್ಲಿ ಹುಡುಕಿದರೆ ಏರ್ ಫ್ರೈಯರ್ ಸಿಹಿಗಳು ನೂರಾರು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಹೊರದೇಶದವು. ಹಿಟ್ಟನ್ನು ಜರಡಿ ಹಿಡಿದಂತೆ ಅವನ್ನೂ ಜರಡಿ ಹಿಡಿಯಬೇಕು.

ಮೊಟ್ಟೆ, ಈಸ್ಟ್, ಜೇನುತುಪ್ಪ, ಜೆಲಟಿನ್ ಇರುವ ಮಾರ್ಷ್‌ಮ್ಯಾಲೋ ಇವು ಮೊದಲಿಗೇ ಹೊರಗೆ. ಗೆಣಸಿನ ಚಿಪ್ಸ್, ಕ್ಯಾರೆಟ್ ಕೇಕ್, ಬೀಟ್‌ರೂಟ್ ಬಣ್ಣದ ಬಿಸ್ಕತ್ತು ಕಂದಮೂಲದ ಕಾರಣಕ್ಕೆ ಹೊರಗೆ. ನಿನ್ನೆಯ ಚಪಾತಿಗೆ ಸಕ್ಕರೆ ಸವರಿ ಗರಿಗರಿ ಮಾಡುವ ಉಪಾಯವನ್ನು ಬಹಳ ಮಂದಿ ಹೇಳುತ್ತಾರೆ. ತಂಗಳು ತಿನ್ನದ ಮನೆಗೆ ಅದು ಹೊಂದುವುದಿಲ್ಲ.

ನಾನ್‌ಖಟಾಯಿಯಂಥ ಸಸ್ಯಾಹಾರಿ ಪಾಕದಲ್ಲೂ ಎಡವುವ ಜಾಗ ಒಂದಿದೆ. ಮೆದುವಾಗಲಿ ಎಂದು ಕೆಲವರು ಎರಡು ಚಮಚ ಮೊಸರು ಹಾಕಿಸುತ್ತಾರೆ. ನಾನ್‌ಖಟಾಯಿಯಲ್ಲಿ ಕಡಲೆಹಿಟ್ಟು ಇರುತ್ತದೆ. ಎರಡು ಬೇಳೆಯಾಗುವ ಧಾನ್ಯ ಹಸಿ ಮೊಸರಿನೊಂದಿಗೆ ಸೇರಿದರೆ ದ್ವಿದಳ ದೋಷ. ಮೊಸರನ್ನು ಬಿಟ್ಟು ತುಪ್ಪವನ್ನು ಒಂದು ಚಮಚ ಹೆಚ್ಚಿಸಿದರೆ ಅಷ್ಟೇ ಮೆದುವಾಗಿ ಬರುತ್ತದೆ.

ಅಂಗಡಿಯಿಂದ ತರುವ ಚಾಕೊಲೇಟ್ ಚೂರು, ಪಫ್ ಹಾಳೆ, ಮಾರ್ಗರಿನ್‌ಗಳ ಮೇಲೆ ಹಸಿರು ಚುಕ್ಕೆ ಇದ್ದರೆ ಸಾಕು ಎಂದು ಹಲವರು ತಿಳಿಯುತ್ತಾರೆ. ಸಾಲದು. ಆಹಾರ ಸುರಕ್ಷತೆಯ ಕಾನೂನು ಮಾಂಸಾಹಾರ ಎಂದರೇನೆಂದು ಹೇಳುವಾಗ ಹಾಲು, ಹಾಲಿನ ಪದಾರ್ಥಗಳ ಜೊತೆಗೆ ಜೇನುತುಪ್ಪ, ಜೇನುಮೇಣ, ಅರಗನ್ನೂ ಆ ಪಟ್ಟಿಯಿಂದ ಬಿಟ್ಟಿದೆ. ಅಂದರೆ ಜೇನು ಇರುವ ಬಿಸ್ಕತ್ತಿಗೂ, ಹೊಳಪಿಗೆ ಅರಗು ಸವರಿದ ಮಿಠಾಯಿಗೂ ಹಸಿರು ಚುಕ್ಕೆ ಹಾಕಬಹುದು. ಈರುಳ್ಳಿ, ಆಲೂಗಡ್ಡೆಗಂತೂ ಹಸಿರು ಚುಕ್ಕೆಯೇ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರವನ್ನು ಓದಿಯೇ ತರಬೇಕು. ಬೆಳ್ಳಿ ರೇಕಿನ ವಿಷಯದಲ್ಲಿ ಮಾತ್ರ ನೆಮ್ಮದಿಯ ಸುದ್ದಿ ಇದೆ: ರೇಕು ತಯಾರಿಯ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಬಳಸಬಾರದೆಂದು 2016ರಲ್ಲಿ ನಿಯಮ ಬಂದಿದೆ. ಆದರೂ ಮನೆಯ ಸಿಹಿಗೆ ರೇಕು ಬೇಕಾಗಿಯೇ ಇಲ್ಲ.

ಇನ್ನೊಂದು ವಿಚಾರ ಅಚ್ಚುಗಳದ್ದು. ಬಿಸ್ಕತ್ತು ಕತ್ತರಿಸುವ ಅಚ್ಚುಗಳು ಕೋಳಿ, ಮೀನು, ಕರಡಿ, ಮನುಷ್ಯನ ಆಕಾರದಲ್ಲಿ ಬರುತ್ತವೆ. ಮಕ್ಕಳಿಗೆ ಇಷ್ಟ. ಆದರೆ ಜನ್ನ ಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆ ಗೊತ್ತಿರುವ ಮನೆಯಲ್ಲಿ ಹಿಟ್ಟಿನ ಕೋಳಿಯನ್ನು ಮಾಡಿ ಕೊರಳು ಮುರಿದು ತಿನ್ನಲು ಮನಸ್ಸು ಬಾರದು. ನಿಜವಾದ ಕೋಳಿಯಲ್ಲ, ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಕ್ಕೇ ತಾಯಿ ಮಗ ಜನ್ಮ ಜನ್ಮಗಳಲ್ಲಿ ತೊಳಲಿದರು. ಎಲೆ, ಹೂವು, ನಕ್ಷತ್ರ, ಚಂದ್ರ, ವಜ್ರದ ಆಕಾರದ ಅಚ್ಚುಗಳೂ ಅದೇ ಅಂಗಡಿಯಲ್ಲಿ ಸಿಗುತ್ತವೆ. ಬಿಸ್ಕತ್ತು ಒತ್ತುವಾಗ ಮಕ್ಕಳಿಗೆ ಈ ಕಥೆ ಹೇಳಲು ಅದೇ ಒಳ್ಳೆಯ ಸಮಯ.

ಸಿಹಿಯ ಮೂಲ: ಮಂಡ್ಯದ ಬೆಲ್ಲ

ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಬಂದ ಮೇಲೆ ಈ ಸೀಮೆ ಕಬ್ಬಿನ ಸೀಮೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ‘ಮೈಷುಗರ್’ ಎಂದೇ ಜನ ಕರೆಯುವ ಆ ಕಾರ್ಖಾನೆಯಿಂದ ಮಂಡ್ಯಕ್ಕೆ ಸಕ್ಕರೆ ನಾಡು ಎಂಬ ಹೆಸರು ಗಟ್ಟಿಯಾಯಿತು. ಜೊತೆಗೆ ಹಳ್ಳಿ ಹಳ್ಳಿಯಲ್ಲಿ ಆಲೆಮನೆಗಳು. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತು ಮಾಡಿರುವುದೂ ಬೆಲ್ಲವನ್ನೇ.

ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ಎತ್ತುವುದು ಹಳೆಯ ಕ್ರಮ. ಬಣ್ಣ ಹಳದಿಯಾಗಿ ಕಾಣಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವವರೂ ಇದ್ದಾರೆ. ಹಾಗಾಗಿ ಕೊಳ್ಳುವಾಗ ಹಳದಿ ಹೊಳಪಿಗೆ ಮರುಳಾಗಬಾರದು. ಕಂದು ಬಣ್ಣ, ಮುರಿದರೆ ಒಳಗೂ ಅದೇ ಬಣ್ಣ, ಕೈಗೆ ಅಂಟದ ಗಟ್ಟಿತನ ಇವನ್ನು ನೋಡಬೇಕು. ಒಂದು ಚೂರು ನಾಲಿಗೆಯ ಮೇಲಿಟ್ಟಾಗ ಉಪ್ಪು ತಾಗಿದರೆ ಆ ಬೆಲ್ಲವನ್ನು ಬಿಡುವುದು ಮೇಲು. ಏರ್ ಫ್ರೈಯರ್ ಸಿಹಿಗಳಿಗೆ ಮೆತ್ತನೆಯ ಬೆಲ್ಲಕ್ಕಿಂತ ಗಟ್ಟಿ ಅಚ್ಚು ಬೆಲ್ಲವೇ ಸರಿ. ತೇವ ಹೆಚ್ಚಿದ್ದರೆ ಶಾಖಕ್ಕೆ ಕರಗಿ ಹೊರಗೆ ಸೋರುತ್ತದೆ.

ಜೀವದಯೆಯ ದೃಷ್ಟಿಯಿಂದ ಮಳೆಗಾಲದ ಬೆಲ್ಲದಲ್ಲಿ ಎಚ್ಚರಿಕೆ ಹೆಚ್ಚು ಬೇಕು. ತೇವ ಎಳೆದುಕೊಂಡ ಬೆಲ್ಲಕ್ಕೆ ಇರುವೆ, ಹುಳ ಬೇಗ ಬರುತ್ತವೆ. ಅಚ್ಚಿನ ಮೇಲ್ಪದರ ನೋಡಿ, ತಟ್ಟೆಯ ಮೇಲೆ ತುರಿದು ಹರಡಿ, ಬೆಳಕಿನಲ್ಲಿ ಮತ್ತೊಮ್ಮೆ ನೋಡಿ ಬಳಸಬೇಕು. ಇನ್ನೂ ಶುದ್ಧ ಬೇಕೆಂದರೆ ಬೆಲ್ಲವನ್ನು ಸ್ವಲ್ಪ ಸೋಸಿದ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಶೋಧಿಸಿ, ದಪ್ಪ ತಳದ ಪಾತ್ರೆಯಲ್ಲಿ ಗಟ್ಟಿ ಪಾಕಕ್ಕೆ ತಂದು, ಇಳಿಸಿ ಬಿಡದೆ ತಿರುವಿದರೆ ಪುಡಿ ಬೆಲ್ಲವಾಗುತ್ತದೆ.

ಸಕ್ಕರೆಯ ಬಗ್ಗೆ ಒಂದು ಸಂದೇಹ ಆಗಾಗ ಕೇಳಿಬರುತ್ತದೆ. ಹೊರದೇಶಗಳ ಕೆಲವು ಕಾರ್ಖಾನೆಗಳಲ್ಲಿ ಸಕ್ಕರೆ ಬಿಳಿ ಮಾಡಲು ಮೂಳೆ ಇದ್ದಿಲು ಬಳಸುತ್ತಾರೆ ಎಂಬುದು ನಿಜ. ಭಾರತದ ಹೆಚ್ಚಿನ ಕಾರ್ಖಾನೆಗಳ ಕ್ರಮ ಬೇರೆ. ಇಲ್ಲಿ ಕಬ್ಬಿನ ಹಾಲನ್ನು ತಿಳಿ ಮಾಡುವುದು ಸುಣ್ಣ ಮತ್ತು ಗಂಧಕದ ಹೊಗೆಯಿಂದ.

ಐದು ಸಿಹಿಗಳು

ಎಲ್ಲಕ್ಕೂ ಯಂತ್ರವನ್ನು ಮೂರು ನಿಮಿಷ ಮೊದಲೇ ಕಾಯಿಸಿಟ್ಟುಕೊಳ್ಳಬೇಕು. ಒಂದೊಂದು ಯಂತ್ರದ ಶಾಖ ಸ್ವಲ್ಪ ಬೇರೆ ಇರುವುದರಿಂದ ಮೊದಲ ಸಲ ಎರಡು ನಿಮಿಷ ಮುಂಚೆಯೇ ತೆಗೆದು ನೋಡಿ. ಬುಟ್ಟಿಯಲ್ಲಿ ತಿನಿಸುಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಗಾಳಿ ಆಡದಿದ್ದರೆ ಬೇಯುವುದಿಲ್ಲ.

1. ಕರ್ಜಿಕಾಯಿ. ಒಂದು ಕಪ್ ಮೈದಾ ಅಥವಾ ನುಣ್ಣಗೆ ಬೀಸಿದ ಗೋಧಿಹಿಟ್ಟು, ಎರಡು ಚಮಚ ಚಿರೋಟಿ ರವೆ, ಚಿಟಿಕೆ ಉಪ್ಪು, ಎರಡು ದೊಡ್ಡ ಚಮಚ ಬಿಸಿ ತುಪ್ಪ ಸೇರಿಸಿ ಉಜ್ಜಿ, ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹತ್ತು ನಿಮಿಷ ಮುಚ್ಚಿಡಿ. ಹೂರಣಕ್ಕೆ ಅರ್ಧ ಕಪ್ ಒಣಕೊಬ್ಬರಿ ತುರಿ, ಅರ್ಧ ಕಪ್ ತುರಿದ ಬೆಲ್ಲ, ಎರಡು ಚಮಚ ಹುರಿಗಡಲೆ ಪುಡಿ, ಏಲಕ್ಕಿ. ಹುರಿಗಡಲೆ ಪುಡಿಯನ್ನು ಬಿಡಬೇಡಿ. ಬೆಲ್ಲ ಕರಗಿದಾಗ ಅದನ್ನು ಹೀರಿ ಹಿಡಿದಿಡುವುದು ಇದೇ. ಲಟ್ಟಿಸಿ, ತುಂಬಿ, ಅಂಚನ್ನು ಬಿಗಿಯಾಗಿ ಒತ್ತಿ, ಮೇಲೆ ತುಪ್ಪ ಸವರಿ 170 ಡಿಗ್ರಿಯಲ್ಲಿ ಏಳು ನಿಮಿಷ ಇಡಿ. ತಿರುವಿ ಹಾಕಿ, ಮತ್ತೆ ತುಪ್ಪ ಸವರಿ ಐದಾರು ನಿಮಿಷ. ಹನ್ನೆರಡು ಕರ್ಜಿಕಾಯಿ ಆಗುತ್ತವೆ. ಕರಿದದ್ದರಷ್ಟು ಗುಳ್ಳೆ ಏಳುವುದಿಲ್ಲ, ಬಿಸ್ಕತ್ತಿನಂತೆ ಪುಡಿಪುಡಿಯಾಗಿರುತ್ತದೆ.

2. ರಾಗಿ ಬಿಸ್ಕತ್ತು. ರಾಗಿ ಈ ಸೀಮೆಯ ಧಾನ್ಯ. ಇಂದಾಫ್ ಎಂಬ ಹೆಸರಾಂತ ರಾಗಿ ತಳಿಗಳನ್ನು ಡಾ. ಲಕ್ಷ್ಮಣಯ್ಯನವರು ರೂಪಿಸಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಒಂದು ಕಪ್ ರಾಗಿಹಿಟ್ಟನ್ನು ಘಮ ಬರುವ ತನಕ ಸಣ್ಣ ಉರಿಯಲ್ಲಿ ಹುರಿದು ಆರಿಸಿ. ಅರ್ಧ ಕಪ್ ಗೋಧಿಹಿಟ್ಟು, ಅರ್ಧ ಕಪ್‌ಗಿಂತ ಸ್ವಲ್ಪ ಹೆಚ್ಚು ಪುಡಿ ಬೆಲ್ಲ, ಆರು ದೊಡ್ಡ ಚಮಚ ತುಪ್ಪ, ಏಲಕ್ಕಿ ಸೇರಿಸಿ ಉಜ್ಜಿ, ಕಾಯಿಸಿದ ಹಾಲು ಎರಡು ಮೂರು ಚಮಚ ಹಾಕಿ ಉಂಡೆ ಕಟ್ಟಿ. ಒತ್ತಿ ಚಪ್ಪಟೆ ಮಾಡಿ 150 ಡಿಗ್ರಿಯಲ್ಲಿ ಹನ್ನೆರಡು ನಿಮಿಷ ಇಡಿ. ತೆಗೆದಾಗ ಮೆತ್ತಗಿರುತ್ತದೆ, ಬೆಂದಿಲ್ಲವೆಂದು ಮತ್ತೆ ಇಟ್ಟರೆ ಕಹಿಯಾಗುತ್ತದೆ. ಹತ್ತು ನಿಮಿಷ ಆರಿದರೆ ತಾನೇ ಗಟ್ಟಿಯಾಗುತ್ತದೆ. ರಾಗಿ ಮೊದಲೇ ಕಂದು ಬಣ್ಣವಾದ್ದರಿಂದ ಬಣ್ಣ ನೋಡಿ ಹದ ಹೇಳಲಾಗದು, ಗಡಿಯಾರವನ್ನೇ ನಂಬಬೇಕು.

3. ನಾನ್‌ಖಟಾಯಿ. ಒಂದು ಕಪ್ ಮೈದಾ, ಕಾಲು ಕಪ್ ಕಡಲೆಹಿಟ್ಟು, ಒಂದು ಚಮಚ ಚಿರೋಟಿ ರವೆ, ಅರ್ಧ ಕಪ್ ಸಕ್ಕರೆ ಪುಡಿ, ಚಿಟಿಕೆ ಅಡುಗೆ ಸೋಡಾ, ಏಲಕ್ಕಿ, ಅರ್ಧ ಕಪ್ ಗಟ್ಟಿ ತುಪ್ಪ. ತುಪ್ಪ ಸಕ್ಕರೆಯನ್ನು ಮೊದಲು ಕೈಯಲ್ಲಿ ಬೆಳ್ಳಗಾಗುವ ತನಕ ನಾದಿ, ಆಮೇಲೆ ಹಿಟ್ಟುಗಳನ್ನು ಸೇರಿಸಿ. ನೀರು, ಹಾಲು, ಮೊಸರು ಯಾವುದೂ ಬೇಡ. ಹಿಟ್ಟು ಉದುರಿದರೆ ಇನ್ನೊಂದು ಚಮಚ ತುಪ್ಪ. ಉಂಡೆ ಮಾಡಿ, ನಡುವೆ ಹೆಬ್ಬೆರಳಿನಿಂದ ಒತ್ತಿ, ಬಾದಾಮಿ ಚೂರು ಇಟ್ಟು, ಚಿಕ್ಕ ಸ್ಟೀಲ್ ತಟ್ಟೆಯಲ್ಲಿ 150 ಡಿಗ್ರಿಗೆ ಹದಿಮೂರು ಹದಿನಾಲ್ಕು ನಿಮಿಷ ಇಡಿ. ಅಡಿಭಾಗ ಕೆಂಪಾದರೆ ಆಯಿತು.

4. ಬಾಳೆಹಣ್ಣಿನ ಬಿಸಿ ಸಿಹಿ. ತೀರಾ ಅವಸರವಿದ್ದ ದಿನ ಇದು. ಏಲಕ್ಕಿ ಬಾಳೆ ಕರಗಿಹೋಗುತ್ತದೆ. ಅರೆಮಾಗಿದ ನೇಂದ್ರ ಬಾಳೆ ಅಥವಾ ಪಚ್ಚಬಾಳೆ ತೆಗೆದುಕೊಂಡು ಉದ್ದಕ್ಕೆ ಸೀಳಿ, ಒಂದು ಚಮಚ ತುಪ್ಪ, ಎರಡು ಚಮಚ ತುರಿದ ಬೆಲ್ಲ, ಏಲಕ್ಕಿ ಉದುರಿಸಿ. ಸ್ಟೀಲ್ ತಟ್ಟೆಯಲ್ಲಿ 180 ಡಿಗ್ರಿಗೆ ಎಂಟು ನಿಮಿಷ. ಮೇಲೆ ತೆಂಗಿನಕಾಯಿ ತುರಿ. ಮದ್ದೂರು ತಾಲ್ಲೂಕಿನಲ್ಲಿ ತೆಂಗಿಗೆ ಬರವಿಲ್ಲ. ಅಷ್ಟಮಿ, ಚತುರ್ದಶಿಯಂದು ಹಸಿರು ಬಿಡುವ ಮನೆಯವರು ಇದನ್ನು ಆ ದಿನ ಮಾಡುವಂತಿಲ್ಲ.

5. ಕಡಲೆಕಾಯಿ ಉಂಡೆ. ಒಂದು ಕಪ್ ಕಡಲೆಕಾಯಿ ಬೀಜವನ್ನು ಒಂದೊಂದಾಗಿ ನೋಡಿ ಆರಿಸಿ, 160 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಹುರಿಯಿರಿ. ನಡುವೆ ಎರಡು ಸಲ ಬುಟ್ಟಿ ಕುಲುಕಿ. ಬಾಣಲೆಯ ಮುಂದೆ ನಿಂತು ಕೈಯಾಡಿಸುವ ಕೆಲಸ ಇಲ್ಲ, ಸೀಯುವುದೂ ಇಲ್ಲ. ಸಿಪ್ಪೆ ಉಜ್ಜಿ ತೆಗೆದು, ಮುಕ್ಕಾಲು ಕಪ್ ಬೆಲ್ಲದೊಂದಿಗೆ ಮಿಕ್ಸಿಯಲ್ಲಿ ತರಿತರಿಯಾಗಿ ತಿರುವಿದರೆ ಬೀಜದ ಜಿಡ್ಡಿನಲ್ಲೇ ಉಂಡೆ ಕಟ್ಟಬಹುದು. ಕಡಲೆಕಾಯಿ ಮಣ್ಣಿನೊಳಗೆ ಬೆಳೆದರೂ ಅದು ಗಿಡದ ಕಾಯಿ, ಗಡ್ಡೆಯಲ್ಲ. ಹೆಚ್ಚಿನ ಜೈನ ಮನೆಗಳಲ್ಲಿ ಬಳಕೆಯಲ್ಲಿದೆ. ಬಳಸದವರು ಹುರಿಗಡಲೆ, ಒಣಕೊಬ್ಬರಿ, ಬೆಲ್ಲಕ್ಕೆ ಸ್ವಲ್ಪ ತುಪ್ಪ ಹಾಕಿ ಮಾಡಿಕೊಳ್ಳಬಹುದು.

ಯಾವುದು ಆಗುವುದಿಲ್ಲ

ಕಜ್ಜಾಯ, ಜಿಲೇಬಿಯಂಥ ಸಡಿಲ ಹಿಟ್ಟಿನ ಸಿಹಿಗಳು ಬುಟ್ಟಿಯ ತೂತಿನಿಂದ ಇಳಿದುಹೋಗುತ್ತವೆ. ಅವಕ್ಕೆ ಬಾಣಲೆಯೇ ಬೇಕು. ಮೈಸೂರು ಪಾಕ್‌ಗೆ ಬಿಸಿ ತುಪ್ಪ ಹುಯ್ಯುತ್ತಾ ಕೈಯಾಡಿಸುವ ಹದ ಬೇಕು, ಗಾಳಿಯಿಂದ ಅದು ಆಗದು. ಜಾಮೂನು ಒಣಗಿ ಬಿರಿಯುತ್ತದೆ, ಪಾಕ ಹೀರುವುದಿಲ್ಲ. ಎಳ್ಳು ಹುರಿಯಲು ಇಟ್ಟರೆ ಫ್ಯಾನಿನ ರಭಸಕ್ಕೆ ಹಾರಿ ಸುರುಳಿಗೆ ಅಂಟಿ ಸೀಯುತ್ತದೆ. ತಂಬಿಟ್ಟಿಗೆ ಒಲೆಯ ಹುರಿತವೇ ಚೆನ್ನ. ಯಂತ್ರ ಬಂತೆಂದು ಹಳೆಯ ಸಿಹಿಗಳನ್ನೆಲ್ಲ ಇದರಲ್ಲಿ ಮಾಡಹೊರಟರೆ ಸಾಮಾನು ದಂಡ.

ಎಷ್ಟು ಹೊತ್ತು, ಎಷ್ಟು ದಿನ

ಮಾಡಿದ ಪದಾರ್ಥದ ಮರ್ಯಾದೆ, ಅಂದರೆ ಅದು ಸೇವಿಸಲು ಯೋಗ್ಯವಾಗಿರುವ ಅವಧಿ, ಅದರಲ್ಲಿ ನೀರಿನ ಅಂಶ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ದಿಗಂಬರ ಸಂಪ್ರದಾಯದಲ್ಲಿ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಲೆಕ್ಕ ರೂಢಿಯಲ್ಲಿದೆ. ನೀರು ಸೇರದೆ ಮಾಡಿದ ಸಿಹಿಗೂ ಹಿಟ್ಟಿನ ಲೆಕ್ಕವನ್ನೇ ಹಿಡಿಯುತ್ತಾರೆ. ನೀರು ಅಥವಾ ಹಾಲು ಸೇರಿದ್ದರೆ 24 ಗಂಟೆ.

ಈ ಲೆಕ್ಕದಲ್ಲಿ ನೋಡಿದರೆ ಕರ್ಜಿಕಾಯಿ, ರಾಗಿ ಬಿಸ್ಕತ್ತು ಅಂದಂದಿಗೆ ಮಾಡುವ ತಿನಿಸು. ನಾನ್‌ಖಟಾಯಿ, ಕಡಲೆಕಾಯಿ ಉಂಡೆ ಡಬ್ಬಿಗೆ ತುಂಬಿಡುವ ತಿನಿಸು. ಶೋಧಿಸಿ ಕುದಿಸಿದ ಪುಡಿ ಬೆಲ್ಲ ಬಳಸುವವರು ಅದನ್ನೂ ಲೆಕ್ಕಕ್ಕೆ ಹಿಡಿದು ತಮ್ಮ ಮನೆಯ ಕ್ರಮ ನೋಡಿಕೊಳ್ಳಬೇಕು. ಬಾಳೆಹಣ್ಣು ಬಿಸಿಯಿದ್ದಾಗಲೇ ಮುಗಿಯಬೇಕು. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟಕ್ಕೋ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಗೋ, ಅಲ್ಲಿಂದ ಮುಂದೆ ಶ್ರವಣಬೆಳಗೊಳಕ್ಕೋ ಮಕ್ಕಳೊಂದಿಗೆ ಹೊರಡುವಾಗ ನಾನ್‌ಖಟಾಯಿಯ ಒಂದು ಡಬ್ಬಿ ಇದ್ದರೆ ದಾರಿಯ ಬೇಕರಿಯಲ್ಲಿ ನಿಲ್ಲುವ ಪ್ರಸಂಗ ಬರುವುದಿಲ್ಲ.

ಬೆಳಿಗ್ಗೆಯೇ ಒಣ ಸಾಮಾನು ಅಳೆದು ಬೇರೆ ಬೇರೆ ಬಟ್ಟಲಲ್ಲಿ ಮುಚ್ಚಿಟ್ಟರೆ ಸಂಜೆಯ ಕೆಲಸ ಅರ್ಧ ಮುಗಿದಂತೆ. ಮಕ್ಕಳು ಕೈಕಾಲು ತೊಳೆಯುವಾಗ ಯಂತ್ರ ಹಚ್ಚಿದರೆ 4.35ಕ್ಕೆ ಬುಟ್ಟಿಗೆ ಹೋಗಿ 4.50ಕ್ಕೆ ತಟ್ಟೆಗೆ ಬರುತ್ತದೆ. ಆ ಹದಿನೈದು ನಿಮಿಷ ಯಂತ್ರದ ಮುಂದೆ ನಿಲ್ಲಬೇಕಿಲ್ಲ. ಒಲೆಯ ಮೇಲೆ ಸಂಜೆಯ ಊಟ ಸಿದ್ಧವಾಗುತ್ತಿರುತ್ತದೆ. ಕಾಲ ಉಳಿಯುವುದು ಇಲ್ಲೇ.

ಹಚ್ಚುವ ಮುನ್ನ ನೋಡಿ

ಸಿಹಿ ಮಾಡಿದ ಬುಟ್ಟಿಯಲ್ಲಿ ಬೆಲ್ಲದ ಒಂದು ಹನಿ ಉಳಿದರೂ ರಾತ್ರಿಯೊಳಗೆ ಇರುವೆ ಸಾಲುಗಟ್ಟುತ್ತವೆ. ಬುಟ್ಟಿಯ ಕೆಳಗಿನ ತಟ್ಟೆ, ಹಿಂಬದಿಯ ಗಾಳಿ ಕಿಂಡಿ, ಮೇಲಿನ ಸುರುಳಿಯ ಸುತ್ತ ಅವು ಸೇರಿಕೊಂಡಿರಬಹುದು. ನೋಡದೆ ಸ್ವಿಚ್ ಹಾಕಿದರೆ ಕ್ಷಣದಲ್ಲಿ ಎಲ್ಲವೂ ಸುಟ್ಟುಹೋಗುತ್ತವೆ. ಎಣ್ಣೆ ಬಾಣಲೆ ಕಣ್ಣಿಗೆ ಬಿಚ್ಚಿ ಕಾಣುತ್ತದೆ, ಈ ಯಂತ್ರ ಮುಚ್ಚಿದ ಪೆಟ್ಟಿಗೆ. ಆದ್ದರಿಂದ ಪ್ರತಿ ಸಲ ಬುಟ್ಟಿ ಹೊರಗೆಳೆದು, ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಒಳಗೆ, ಮೇಲೆ ನೋಡಿ, ಮೆತ್ತನೆಯ ಬಟ್ಟೆಯಿಂದ ಸವರಿ, ಆಮೇಲೆ ಹಚ್ಚಬೇಕು. ಹಿಂದಿನವರು ಸೌದೆ ಕೊಡವಿ ಒಲೆಗೆ ಇಡುತ್ತಿದ್ದರಲ್ಲ, ಅದೇ ಕ್ರಮ.

ಬಳಸಿದ ಮೇಲೆ ಬುಟ್ಟಿ ಆರಿದ ಕೂಡಲೇ ತೊಳೆದು, ಪೂರ್ತಿ ಒಣಗಿಸಿ ಇಡಿ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಅಂಟದ ಲೇಪನ ಕಿತ್ತು ಬರುತ್ತದೆ. ಬರಿಯ ಬೆಣ್ಣೆ ಕಾಗದ ಹಾಸಿ ಖಾಲಿ ಬುಟ್ಟಿ ಕಾಯಿಸಬಾರದು. ಕಾಗದ ಹಾರಿ ಸುರುಳಿಗೆ ತಾಗಿ ಹೊತ್ತಿಕೊಳ್ಳಬಹುದು. ಮಾಂಸಾಹಾರ ಬೇಯಿಸಿದ ಯಂತ್ರವನ್ನು ಹಳೆಯದೆಂದು ಅಗ್ಗಕ್ಕೆ ಕೊಳ್ಳುವುದು, ಹಾಸ್ಟೆಲಿನಲ್ಲಿ ಎಲ್ಲರ ಯಂತ್ರದಲ್ಲಿ ಪಾಲು ಹಾಕುವುದು ಬೇಡ. ಓದಲು, ಕೆಲಸಕ್ಕೆ ಬೆಂಗಳೂರು ಸೇರಿರುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ಪರ್ವ, ವ್ರತಗಳಲ್ಲಿ

ದಶಲಕ್ಷಣ ಪರ್ವದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಈ ಆರು ರಸಗಳಲ್ಲಿ ಒಂದನ್ನೋ ಎರಡನ್ನೋ ಬಿಡುವವರಿದ್ದಾರೆ. ಎಣ್ಣೆ ಬಿಟ್ಟವರಿಗೆ ತುಪ್ಪ ಸವರಿದ ಕರ್ಜಿಕಾಯಿ ನಡೆಯುತ್ತದೆ. ಸಿಹಿ ಬಿಟ್ಟವರಿಗೆ ಬೆಲ್ಲವೂ ಇಲ್ಲ, ಸಕ್ಕರೆಯೂ ಇಲ್ಲ. ಶ್ವೇತಾಂಬರ ಮನೆಗಳಲ್ಲಿ ಕರಿದ ಪದಾರ್ಥವನ್ನೇ ಒಂದು ವಿಗಯವೆಂದು ಎಣಿಸುವ ಕ್ರಮವಿದೆ. ಗಾಳಿಯಲ್ಲಿ ಬೆಂದದ್ದು ಅದರಲ್ಲಿ ಸೇರುತ್ತದೆಯೇ ಎಂಬುದನ್ನು ನಿಯಮ ಕೊಟ್ಟ ಗುರುಗಳನ್ನೇ ಕೇಳಿ ನಡೆಯುವುದು ಸರಿ. ತ್ಯಾಗಿಗಳ ಆಹಾರಕ್ಕೆ, ವ್ರತಿಕರ ಊಟಕ್ಕೆ ಆಯಾ ಸಂಘದಲ್ಲಿ ನಡೆದು ಬಂದ ಕ್ರಮವಿದೆ. ಅಲ್ಲಿ ಈ ಯಂತ್ರವನ್ನು ತರುವುದು ಬೇಡ. ಇದು ಗೃಹಸ್ಥರ ಮನೆಯ, ಮಕ್ಕಳ ಸಂಜೆಯ ಅನುಕೂಲಕ್ಕೆ ಮಾತ್ರ.

ಅಹಿಂಸೆಯ ಯಂತ್ರ ಎಂದು ಇದನ್ನು ಯಾರೂ ಕೊಂಡಾಡಬೇಕಿಲ್ಲ. ಬೆಂಕಿಯಿದ್ದಲ್ಲಿ, ವಿದ್ಯುತ್ ಇದ್ದಲ್ಲಿ ಆರಂಭ ಇದ್ದೇ ಇದೆ. ಆದರೆ ಬೇಕಾದಷ್ಟೇ ಮಾಡಿ, ಮಾಡಿದ್ದನ್ನು ಅಂದೇ ಮುಗಿಸಿ, ಏನೂ ಉಳಿಸದೆ ಇರುವುದಕ್ಕೆ ಈ ಚಿಕ್ಕ ಬುಟ್ಟಿ ಸಹಾಯ ಮಾಡುತ್ತದೆ. ಹನ್ನೆರಡು ಕರ್ಜಿಕಾಯಿಗಿಂತ ಹೆಚ್ಚು ಅದರಲ್ಲಿ ಹಿಡಿಯುವುದೂ ಇಲ್ಲ.

ಮೊದಲ ಸಲ ಮಾಡುವವರು ಭಾನುವಾರ ಸಂಜೆ ನಾಲ್ಕೂವರೆಗೆ ಮಕ್ಕಳನ್ನೂ ಕೂರಿಸಿಕೊಂಡು ನಾನ್‌ಖಟಾಯಿಯಿಂದ ಆರಂಭಿಸಬಹುದು. ಹಿಟ್ಟು ಜರಡಿ ಹಿಡಿಯುವುದು, ಬಾದಾಮಿ ಒತ್ತುವುದು, ಟಾರ್ಚ್ ಹಿಡಿದು ಇರುವೆ ನೋಡುವುದು ಮಕ್ಕಳ ಪಾಲಿಗಿರಲಿ. ಸೂರ್ಯ ಮುಳುಗುವ ಮುನ್ನ ಏಕೆ ತಿನ್ನಬೇಕೆಂದು ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ, ಮುಳುಗುವ ಮುನ್ನ ಅವರ ತಟ್ಟೆಗೆ ಬಿಸಿ ಬಿಸಿ ಸಿಹಿ ಬಿದ್ದರೆ ನಿಯಮ ಮನಸ್ಸಿನಲ್ಲಿ ಉಳಿಯುತ್ತದೆ.

ಜೈ ಜಿನೇಂದ್ರ.